ರೇಸಿನಲ್ಲಿ ಪಂಕ್ಚರ್ ಆದಮೇಲೆ ನಾನು ಮಾಡಿದ್ದನ್ನು ನೀವು ಮಾಡಬೇಡಿ

ಹವ್ಯಾಸಕ್ಕೆ ಸೈಕಲ್ ರೇಸಿಗೆ ಇಳಿಯುವವರು, ಅದರಲ್ಲೂ ಮೊದಲ ಎರಡು ಮೂರು ರೇಸಿನಲ್ಲಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಪಂಕ್ಚರ್ ಆಗಿದ್ದು ನನ್ನ ದುರದೃಷ್ಟ, ಒಪ್ಪುತ್ತೇನೆ. ಆದರೆ ಆಸ್ಪತ್ರೆ ಸೇರಿದ್ದು ನನ್ನ ಅವಸರದಿಂದ.

70 ಕಿಲೋಮೀಟರ್ ರೇಸ್. ನಾಲ್ಕು ತಿಂಗಳು ತಯಾರಿ ಮಾಡಿದ್ದೆ. ಮೊದಲ 20 ಕಿಲೋಮೀಟರ್ ಮುಂದಿನ ಗುಂಪಿನಲ್ಲೇ ಇದ್ದೆ. ಗುಂಪಿನ ನಡುವೆ ಇದ್ದರೆ ಗಾಳಿಯ ಏಟೆಲ್ಲ ಮುಂದಿನವರ ಎದೆಗೇ ಬೀಳುತ್ತದೆ, ನಮ್ಮ ಕಾಲಿಗೆ ಕೆಲಸ ಎಷ್ಟೋ ಕಡಿಮೆ. ಅಷ್ಟರಲ್ಲಿ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಮೆತ್ತಗೆ ಜಾರಿದ ಹಾಗಾಯಿತು. ಕೈ ಎತ್ತಿ, ಪಕ್ಕಕ್ಕೆ ಬಂದು ನಿಂತೆ. ಇಲ್ಲಿಯವರೆಗೆ ಎಲ್ಲ ಸರಿಯಾಗೇ ಮಾಡಿದ್ದೆ.

ಚಕ್ರ ಬಿಚ್ಚಿದೆ, ಹಳೇ ಟ್ಯೂಬ್ ಎಳೆದು ಹಾಕಿದೆ, ಹೊಸದನ್ನು ತುರುಕಿದೆ, ಗಾಳಿ ತುಂಬಿದೆ, ಹೊರಟೆ. ಟೈರಿನ ಒಳಗೆ ಒಂದು ಸಲವೂ ಕೈಯಾಡಿಸಲಿಲ್ಲ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಚಕ್ರ ಕೂತಿತು.

ಈ ಸಲ ಹುಡುಕಿದೆ. ಒಂದು ತಂತಿ ಎಳೆ ಸಿಕ್ಕಿತು. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಟೈರಿನ ಒಳಮೈಯಿಂದ ಎರಡು ಮಿಲಿಮೀಟರ್ ಚಾಚಿಕೊಂಡಿತ್ತು. ಲಾರಿ ಟೈರುಗಳು ಸಿಡಿದು ಹರಿದಾಗ ಇಂಥ ತಂತಿಗಳು ರಸ್ತೆಗೆ ಬೀಳುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಪೂರ್ತಿ ಒಂದು ಸುತ್ತು ನಿಧಾನವಾಗಿ ಬೆರಳಾಡಿಸಿ. ಗಾಜಿದ್ದರೆ ಕೊಯ್ಯುತ್ತದೆ, ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ಮನೆಯಲ್ಲಿ ಟೈರ್ ಹಾಕುವಾಗಲೇ ಅದರ ಮೇಲಿನ ಕಂಪನಿ ಹೆಸರು ಗಾಳಿ ತುಂಬುವ ವಾಲ್ವಿನ ಪಕ್ಕಕ್ಕೇ ಬರುವ ಹಾಗೆ ಕೂರಿಸಿ. ಆಗ ಟ್ಯೂಬಿನಲ್ಲಿ ತೂತು ಸಿಕ್ಕ ತಕ್ಷಣ ಟೈರಿನಲ್ಲಿ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಇದ್ದರೆ ಸಾಮಾನ್ಯವಾಗಿ ಮುಳ್ಳಿನ ಕೆಲಸವಲ್ಲ, ಗಾಳಿ ಕಡಿಮೆಯಾಗಿ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿಹೋಗಿರುತ್ತದೆ.

ನನ್ನ ಹತ್ತಿರ ಇನ್ನೊಂದು ಟ್ಯೂಬ್ ಇರಲಿಲ್ಲ. ಹಿಂದಿನಿಂದ ಬಂದ ಒಬ್ಬರು ನಿಲ್ಲಿಸಿ, ತಮ್ಮದನ್ನೇ ಕೊಟ್ಟರು. "ಆರಾಮಾಗಿ ಹೋಗಿ, ಮುಗಿಸಿದರೆ ಸಾಕು" ಅಂದರು. ನನಗೆ ಅದು ಕೇಳಿಸಲೇ ಇಲ್ಲ. ಕಳೆದುಹೋದ ನಿಮಿಷಗಳನ್ನೆಲ್ಲ ವಾಪಸ್ ತರಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಹತ್ತು ಕಿಲೋಮೀಟರ್ ಒಬ್ಬನೇ ಗಾಳಿಗೆ ಎದೆಕೊಟ್ಟು ತುಳಿದು ಒಂದು ಸಣ್ಣ ಗುಂಪನ್ನು ಹಿಡಿದೆ. ಅಷ್ಟೊತ್ತಿಗೆ ಕಾಲಲ್ಲಿ ಕಸುವಿರಲಿಲ್ಲ, ಕಣ್ಣು ಮುಂದಿನವರ ಬೆನ್ನ ಮೇಲೆ ನೆಟ್ಟಿತ್ತು. ನನ್ನ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಿತ್ತು, ಒಂದು ಗೇಣಿನಷ್ಟು. ಅವರು ಗುಂಡಿ ತಪ್ಪಿಸಲು ಸ್ವಲ್ಪ ಬಲಕ್ಕೆ ಸರಿದರು. ಚಕ್ರಕ್ಕೆ ಚಕ್ರ ತಾಗಿತು. ಹೀಗಾದಾಗ ಮುಂದಿನವರಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ, ಬೀಳುವುದು ಹಿಂದಿನವರೇ. ಭುಜ ಮೊದಲು ನೆಲಕ್ಕೆ ಬಡಿಯಿತು, ಆಮೇಲೆ ತಲೆ.

ಎದ್ದೆ. ಹ್ಯಾಂಡಲ್ ನೇರ ಮಾಡಿದೆ, ಚೈನ್ ಎತ್ತಿ ಹಾಕಿದೆ, ಹೊರಟುಬಿಟ್ಟೆ.

ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸಿನ 1913ರ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಟೂರ್ಮಲೆ ಬೆಟ್ಟ ಇಳಿಯುವಾಗ ಯೂಜೆನ್ ಕ್ರಿಸ್ಟೋಫ್ ಅನ್ನುವ ಸ್ಪರ್ಧಿಯ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕವಲು, ಮುರಿಯಿತು. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಜಾಸ್ತಿ ನಡೆದು, ಹಳ್ಳಿಯ ಕುಲುಮೆಯಲ್ಲಿ ತಾವೇ ಬೆಸೆದು, ಮತ್ತೆ ಹತ್ತಿದರು. ತಿದಿ ಒತ್ತಲು ಒಬ್ಬ ಹುಡುಗ ನೆರವಾದ ಅಂತ ಅದಕ್ಕೂ ದಂಡ ಬಿತ್ತು. ಬಿದ್ದು ಎದ್ದಾಗ ನನ್ನ ತಲೆಯಲ್ಲಿದ್ದದ್ದು ಈ ಕಥೆಯೇ. ಆದರೆ ಅವರು ಮುರಿದ ಫೋರ್ಕಿನಲ್ಲೇ ಬೆಟ್ಟ ಇಳಿಯಲಿಲ್ಲ, ಅಲ್ವಾ? ಮೊದಲು ನಿಂತು ರಿಪೇರಿ ಮಾಡಿದರು. ಇದು ನನಗೆ ಹೊಳೆದದ್ದು ಹಾಸಿಗೆಯಲ್ಲಿ ಮಲಗಿದ್ದಾಗ.

15 ಕಿಲೋಮೀಟರ್ ಹೋದಮೇಲೆ ಒಂದು ಕೂಡುರಸ್ತೆ ಬಂತು. ಅಲ್ಲಿ ನಿಂತಿದ್ದ ಕಾರ್ಯಕರ್ತೆ ಎಡಕ್ಕೆ ಬಾವುಟ ಬೀಸುತ್ತಿದ್ದರು. ಬಾವುಟ ಕಂಡಿತು, ಅದರ ಕೆಂಪು ಬಣ್ಣ ಈಗಲೂ ನೆನಪಿದೆ. ಅದರ ಅರ್ಥವೇನು ಅಂತ ಮಾತ್ರ ತಿಳಿಯಲಿಲ್ಲ. ನೇರ ಹೋದೆ, ಲಾರಿಗಳು ಓಡಾಡುವ ರಸ್ತೆಗೆ. ಅವರು ಹಿಂದೆಯೇ ಓಡಿಬಂದು ನನ್ನ ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಎಷ್ಟು ಕಿಲೋಮೀಟರ್ ಆಯಿತು ಅಂತ ಕೇಳಿದರೆ ನನಗೆ ಹೇಳಲು ಬರಲಿಲ್ಲ. ಅವರಿಂದಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ತಲೆ ಒಳಗೆ ಅಲುಗಿ ಮಿದುಳಿಗೆ ಪೆಟ್ಟಾಗಿದೆ ಅಂದರು ಡಾಕ್ಟರ್. ಮೂರು ವಾರ ಬೆಳಕು ನೋಡಿದರೆ ತಲೆ ಸಿಡಿಯುತ್ತಿತ್ತು. ಇಂಥ ಪೆಟ್ಟಿನ ಲಕ್ಷಣ ಕೆಲವೊಮ್ಮೆ ಗಂಟೆಗಳ ನಂತರವೂ ಶುರುವಾಗುತ್ತದೆ. "ಈಗ ಚೆನ್ನಾಗಿದ್ದೇನೆ" ಅನ್ನುವ ನಿಮ್ಮ ಮಾತನ್ನು ನೀವೇ ನಂಬಬೇಡಿ. ಆ ಪೆಟ್ಟು ವಾಸಿಯಾಗುವ ಮುಂಚೆ ತಲೆಗೆ ಎರಡನೇ ಏಟು ಬಿದ್ದರೆ ಜೀವಕ್ಕೇ ಅಪಾಯ ಆಗಬಹುದು. ತಲೆ ನೆಲಕ್ಕೆ ಬಡಿದರೆ ಆ ದಿನದ ರೇಸ್ ಅಲ್ಲಿಗೆ ಮುಗಿಯಿತು, ರೇಸಿನ ಹಿಂದೆ ಬರುವ ವಾಹನ ಹತ್ತಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೂಕಡಿಕೆ, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಮತ್ತೆ ಸೈಕಲ್ ಹತ್ತುವುದು ಡಾಕ್ಟರ್ ಒಪ್ಪಿದ ಮೇಲೆಯೇ.

ತಲೆ ಬಡಿದ ಮೇಲೆ ಹೆಲ್ಮೆಟ್ಟಿನ ಕೆಲಸವೂ ಅಲ್ಲಿಗೆ ಮುಗಿಯಿತು. ನನ್ನದು ಹೊರಗಿನಿಂದ ಎರಡು ಗೀರು ಬಿಟ್ಟರೆ ಹೊಸದರ ಹಾಗೇ ಇತ್ತು. ಒಳಗಿನ ಪ್ಯಾಡ್ ಕಿತ್ತು ನೋಡಿದರೆ, ಬಲ ಕಿವಿಯ ಮೇಲ್ಗಡೆ ಥರ್ಮಾಕೋಲ್ ಎರಡು ಬೆರಳುದ್ದ ಸೀಳಿತ್ತು. ಆ ಥರ್ಮಾಕೋಲ್ ಒಂದು ಸಲ ಜಜ್ಜಿಹೋದರೆ ಮತ್ತೆ ಉಬ್ಬುವುದಿಲ್ಲ, ಎರಡನೇ ಏಟನ್ನು ತಡೆಯುವುದಿಲ್ಲ. ಬೇರೆ ಯಾರೂ ಎತ್ತಿ ಹಾಕಿಕೊಳ್ಳದಿರಲಿ ಅಂತ ಪಟ್ಟಿ ಕತ್ತರಿಸಿಯೇ ಅದನ್ನು ಎಸೆದೆ.