ವೆಬ್ ಪುಟಕ್ಕೆ ಲೇಸ್ ಅಂಚಿನ ಹಿನ್ನೆಲೆ: ಪಿಎನ್‌ಜಿಯೋ, ಎಸ್‌ವಿಜಿಯೋ, ಬರೀ ಸಿಎಸ್‌ಎಸ್ಸೋ?

ನಿಜವಾದ ಲೇಸನ್ನೇ ಸ್ಕ್ಯಾನ್ ಮಾಡಿದ್ದೀರಾ? ಹಾಗಾದರೆ ಪಿಎನ್‌ಜಿ, ಅಂದರೆ ಪಾರದರ್ಶಕ ಭಾಗಗಳನ್ನೂ ಇಟ್ಟುಕೊಳ್ಳುವ ಚಿತ್ರದ ಫೈಲ್. ನೂಲಿನ ಎಳೆ, ನೆರಳು ಹಾಗೇ ಉಳಿಯುತ್ತವೆ, ತೂತುಗಳನ್ನು ಪಾರದರ್ಶಕ ಮಾಡಿದರೆ ಅಲ್ಲಿ ಹಿಂದಿನ ಬಣ್ಣ ಕಾಣುತ್ತದೆ. ಜೆಪೆಗ್‌ನಲ್ಲಿ ಇದು ಆಗುವುದಿಲ್ಲ. ಆದರೆ ಚಿತ್ರವನ್ನು ಸಾಲಾಗಿ ರಿಪೀಟ್ ಮಾಡಿದಾಗ ತುದಿಗಳು ಕೂಡುವ ಹಾಗೆ ಕತ್ತರಿಸುವುದೇ ದೊಡ್ಡ ಕೆಲಸ. ಒಂದು ಪಿಕ್ಸೆಲ್ ತಪ್ಪಿದರೂ ಗೆರೆ ಎದ್ದು ಕಾಣುತ್ತದೆ. ಹಿಗ್ಗಿಸಿದರೆ ಮಸುಕು.

ಎಸ್‌ವಿಜಿ ಅಂದರೆ ಪಿಕ್ಸೆಲ್ ಬದಲು ಗೆರೆ, ಆಕಾರಗಳಾಗಿ ಬರೆದಿಟ್ಟ ಚಿತ್ರ. ಹಿಗ್ಗಿಸಿದರೆ ಮಸುಕಾಗುವ ಚಿಂತೆ ಇದಕ್ಕಿಲ್ಲ, ಬಣ್ಣ ಬದಲಿಸುವುದೂ ಸುಲಭ. ನೀವೇ ಬಿಡಿಸಿದ ಸರಳ ಚಿತ್ತಾರಕ್ಕೆ ನಾನಂತೂ ಇದನ್ನೇ ಹೇಳುತ್ತೇನೆ. ಸ್ಕ್ಯಾನನ್ನು ಸುಮ್ನೆ ಆಟೋ ಟ್ರೇಸ್ ಮಾಡಿದರೆ (ಸಾಫ್ಟ್‌ವೇರೇ ಚಿತ್ರವನ್ನು ಗೆರೆಗಳಾಗಿ ಬದಲಿಸಿದರೆ) ಮಾತ್ರ ಸಾವಿರಾರು ಬಿಂದುಗಳಾಗಿ ಫೈಲ್ ಪಿಎನ್‌ಜಿಗಿಂತ ಜಾಸ್ತಿ ಭಾರವಾಗಬಹುದು.

ಅರ್ಧಚಂದ್ರದ ಅಂಚು, ನಡುವೆ ತೂತು, ಅಷ್ಟೇ ಸಾಕಾ? ಪುಟದ ಅಂದವನ್ನು ಹೇಳುವ ಕೋಡ್ ಸಿಎಸ್‌ಎಸ್. ಅದರ ರೇಡಿಯಲ್ ಗ್ರೇಡಿಯಂಟ್‌ನಲ್ಲೇ (ನಡುವಿನಿಂದ ಸುತ್ತ ಹರಡುವ ಬಣ್ಣ) ಆಗುತ್ತದೆ, ಚಿತ್ರದ ಫೈಲೇ ಬೇಡ. ಹೂಬಳ್ಳಿ ಬೇಕೆಂದರೆ ಇದರ ತಂಟೆಗೆ ಹೋಗಬೇಡಿ. ಎಡ ಅಂಚಿಗಾದರೆ ಯಾವುದನ್ನು ಹಾಕಿದರೂ ಮೇಲಿಂದ ಕೆಳಗೆ ಮಾತ್ರ ರಿಪೀಟ್ ಮಾಡಿ, ಬರಹ ಲೇಸಿನ ಮೇಲೆ ಹತ್ತದಷ್ಟು ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ.