ಕಾಲುವೆ ದಂಡೆಯೋ, ಲುಬೆರೋಂ ಗುಡ್ಡವೋ? ದಕ್ಷಿಣ ಫ್ರಾನ್ಸ್‌ನ ಎರಡು ಸೈಕಲ್ ದಾರಿಗಳು

ದಕ್ಷಿಣ ಫ್ರಾನ್ಸ್‌ನಲ್ಲಿ ಸೈಕಲ್ ಪ್ರವಾಸ ಮಾಡಬೇಕು, ಯಾವ ದಾರಿ ಹಿಡಿಯಲಿ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಕನಾಲ್ ದ್ಯು ಮಿದಿ. ತುಲೂಜ್‌ನಿಂದ ಮೆಡಿಟರೇನಿಯನ್ ದಡದ ಸೆತ್ ಕಡೆಗೆ ಸುಮಾರು 240 ಕಿ.ಮೀ. ಕಾಲುವೆ, ಅದರ ಪಕ್ಕದಲ್ಲೇ ದಾರಿ. ಕಾರುಗಳಿಲ್ಲ, ಏರು ಇಲ್ಲ. ಹೊಸಬರಿಗೆ ಇದೇ ಸರಿ ಅಂತ ಎಲ್ಲರ ಮಾತು. ನಾನು ಕೆಲಸದ ಮೇಲೆ ತುಲೂಜ್‌ನಲ್ಲಿ ಇರುವುದರಿಂದ ಈ ಕಾಲುವೆ ಮನೆ ಬಾಗಿಲಲ್ಲೇ ಇದ್ದ ಹಾಗೆ. ಪ್ರೊವಾನ್ಸ್‌ನ ಲುಬೆರೋಂ ಗುಡ್ಡಗಳ ಸುತ್ತಲಿನ ದಾರಿಯನ್ನೂ ನನ್ನ ಹೆಂಡತಿ ಮತ್ತು ನಾನು ಬ್ಯಾಗ್ ಕಟ್ಟಿಕೊಂಡು ತುಳಿದಿದ್ದೇವೆ. ಎರಡನ್ನೂ ಕಂಡ ಮೇಲೆ ನನ್ನ ಅಭಿಪ್ರಾಯ ಬೇರೆ. ಒಂದು ವಾರದ ರಜೆ ಇದ್ದು, ಕಾಲಲ್ಲಿ ಒಂದಿಷ್ಟು ಬಲ ಇದ್ದರೆ ಲುಬೆರೋಂಗೆ ಹೋಗಿ. ಕಾಲುವೆಯನ್ನು ಪೂರ್ತಿ ತುಳಿಯಲೇಬೇಕು ಅಂತೇನಿಲ್ಲ, ಅದರ ಒಳ್ಳೆಯ ತುಂಡುಗಳನ್ನು ಆರಿಸಿಕೊಂಡರೆ ಸಾಕು.

ಕಾಲುವೆ ಚೆನ್ನಾಗಿಲ್ಲ ಅಂತ ಅಲ್ಲ. ಅದನ್ನು ಕಟ್ಟಿಸಿದ ಪಿಯೆರ್ ಪೋಲ್ ರಿಕೆ ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಮನುಷ್ಯ. 1666ರಲ್ಲಿ ರಾಜನ ಅಪ್ಪಣೆ ಸಿಕ್ಕಿತು, 1681ರಲ್ಲಿ ಕಾಲುವೆ ತೆರೆಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು ರಿಕೆ ತೀರಿಕೊಂಡಿದ್ದ. ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳನ್ನು ನಿಂತು ನೋಡಬೇಕು. ಅವುಗಳ ಗೋಡೆಗಳು ನೇರವಾಗಿಲ್ಲ, ಹೊಟ್ಟೆ ಉಬ್ಬಿದ ಹಾಗೆ ಹೊರಕ್ಕೆ ಬಾಗಿವೆ. ಮೊದಮೊದಲು ನೇರ ಗೋಡೆ ಕಟ್ಟಿದಾಗ ಮಣ್ಣಿನ ಒತ್ತಡಕ್ಕೆ ಕುಸಿದವು, ಆಮೇಲೆ ಈ ಆಕಾರಕ್ಕೆ ಬಂದರು. ಲಾಕ್ ಬಾಗಿಲು ಮುಚ್ಚಿ ನೀರು ಏರುತ್ತಿದ್ದಂತೆ, ಅಷ್ಟು ಹೊತ್ತು ಕೆಳಗಿದ್ದ ದೋಣಿ ನಿಧಾನಕ್ಕೆ ನಿಮ್ಮ ಹ್ಯಾಂಡಲ್ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ತೊಂದರೆ ಇರುವುದು ನೆಲದಲ್ಲಿ. ತುಲೂಜ್‌ನಿಂದ ಪೋರ್ ಲೊರಾಗೇವರೆಗೆ ಸುಮಾರು 50 ಕಿ.ಮೀ. ಡಾಂಬರು ದಾರಿ, ಮಕ್ಕಳೂ ಆರಾಮಾಗಿ ತುಳಿಯಬಹುದು. ಅಲ್ಲಿಂದ ಮುಂದೆ ಓದ್ ಜಿಲ್ಲೆ ಶುರುವಾದ ಮೇಲೆ ದಾರಿಯ ಗುಣ ಬದಲಾಗುತ್ತದೆ. ಕೆಲವು ಕಡೆ ಸರಿ ಮಾಡಿದ್ದಾರೆ, ಜಲ್ಲಿ ಹಾಸಿ ಗಟ್ಟಿ ಮಾಡಿದ್ದಾರೆ. ಕಾರ್ಕಸೋನ್ ದಾಟಿದ ಮೇಲೆ ಎಷ್ಟೋ ಕಡೆ ಒಂದು ಸೈಕಲ್ ಹಿಡಿಯುವಷ್ಟೇ ಅಗಲದ ಕಾಲುದಾರಿ. ಮರದ ಬೇರುಗಳು ನೆಲವನ್ನು ಎತ್ತಿ ಬಿಟ್ಟಿವೆ. ನೆರಳಿನಲ್ಲಿ ಆ ಉಬ್ಬುಗಳು ಕಣ್ಣಿಗೆ ಬೀಳುವುದೇ ಇಲ್ಲ, ನೇರ ಬೆನ್ನಿಗೆ ಬಡಿಯುತ್ತವೆ. ಹಿಂದಿನ ಬ್ಯಾಗಿನ ಕೊಕ್ಕೆ ಪದೇ ಪದೇ ಕಳಚಿಕೊಳ್ಳುತ್ತದೆ. ಮಳೆ ಬಂದರೆ ಜೇಡಿಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದೇ ಕಷ್ಟ. ಇಲ್ಲಿಗೆ 35 ಮಿ.ಮೀ.ಗಿಂತ ಸಣ್ಣ ಟೈರ್ ತರಬೇಡಿ, 40 ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ ನೆರಳು. ಕಾಲುವೆಯ ಫೋಟೋಗಳಲ್ಲೆಲ್ಲ ಎರಡೂ ದಂಡೆಯ ಪ್ಲೇನ್ ಅನ್ನುವ ಜಾತಿಯ ಎತ್ತರದ ಮರಗಳು ನೀರಿನ ಮೇಲೆ ಕಮಾನು ಕಟ್ಟಿರುತ್ತವೆ, ಅಲ್ವಾ? ಒಟ್ಟು 42,000 ಮರಗಳಿದ್ದವು. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಅದಕ್ಕೆ ಔಷಧಿ ಇಲ್ಲ, ಬೇರಿನಿಂದ ಬೇರಿಗೆ ಹರಡುತ್ತದೆ. ರೋಗ ಬಂದ ಮರವನ್ನೂ ಅಕ್ಕಪಕ್ಕದವನ್ನೂ ಕಡಿದು ಸುಡಲೇಬೇಕು. ಅರ್ಧಕ್ಕಿಂತ ಜಾಸ್ತಿ ಮರಗಳು ಈಗಾಗಲೇ ಹೋಗಿವೆ. ಅವುಗಳ ಜಾಗದಲ್ಲಿ ಓಕ್ ಮುಂತಾದ ಬೇರೆ ಬೇರೆ ಜಾತಿಯ ಗಿಡಗಳನ್ನು ನೆಡುತ್ತಿದ್ದಾರೆ, ನೆರಳು ಕೊಡುವಷ್ಟು ಬೆಳೆಯಲು ದಶಕಗಳೇ ಬೇಕು. ಎರಡು ಸಾಲು ಎಳೆ ಗಿಡಗಳ ನಡುವೆ ಬಟಾಬಯಲಿನಲ್ಲಿ ಮಧ್ಯಾಹ್ನ ತುಳಿಯುವಾಗ ನನಗೆ ಬಿಸಿಲಿಗಿಂತ ಆ ಖಾಲಿ ಜಾಗ ನೋಡಿ ಸಂಕಟವಾಗುತ್ತದೆ.

ಮೂರನೆಯದು ಗಾಳಿ. ಸಮತಟ್ಟು ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಮತಟ್ಟು ದಾರಿಯಲ್ಲಿ ಇಳಿಜಾರೂ ಇರುವುದಿಲ್ಲ ಅನ್ನುವುದನ್ನು ಮರೆಯುತ್ತಾರೆ. ತುಳಿಯುತ್ತಲೇ ಇರಬೇಕು, ಒಂದೇ ಭಂಗಿಯಲ್ಲಿ ಕೂತಿರಬೇಕು. ಸಂಜೆಗೆ ಕಾಲಿಗಿಂತ ಕುಂಡೆ ಜಾಸ್ತಿ ನೋಯುತ್ತದೆ. ಅದರ ಮೇಲೆ ತುಲೂಜ್ ಕಡೆಯಲ್ಲಿ ಓತಾಂ ಅನ್ನುವ ಆಗ್ನೇಯ ಗಾಳಿ ಎದ್ದರೆ, ಸಮುದ್ರದ ಕಡೆಗೆ ಹೊರಟವರ ಮುಖಕ್ಕೇ ಹೊಡೆಯುತ್ತದೆ. ದಿನಗಟ್ಟಲೆ ಬಿಡುವುದಿಲ್ಲ. ಪಶ್ಚಿಮದಿಂದ ಬೀಸುವ ಸೆರ್ಸ್ ಗಾಳಿ ಸಿಕ್ಕರೆ ಮಾತ್ರ ಬೆನ್ನು ತಳ್ಳಿಕೊಂಡು ಹೋಗುತ್ತದೆ. ಹೊರಡುವ ಮುಂಚೆ ನಾನು ನೋಡುವುದು ಮಳೆಯನ್ನಲ್ಲ, ಗಾಳಿಯ ದಿಕ್ಕನ್ನು.

ಈಗ ಲುಬೆರೋಂ. ಈ ಬೆಟ್ಟಸಾಲಿನ ಸುತ್ತ ಸುಮಾರು 236 ಕಿ.ಮೀ. ಉದ್ದದ, ಗುರುತು ಹಾಕಿದ ಸೈಕಲ್ ದಾರಿ ಇದೆ. ಕವಾಯೋಂನಿಂದ ಹೊರಟು ಉತ್ತರ ಮಗ್ಗುಲಲ್ಲಿ ಆಪ್ತ್ ಕಡೆಯಿಂದ ಫೋರ್ಕಾಲ್ಕಿಯೆ, ಅಲ್ಲಿಂದ ಮನೋಸ್ಕ್‌ಗೆ ಇಳಿದು, ದಕ್ಷಿಣ ಮಗ್ಗುಲಲ್ಲಿ ಲೂರ್ಮರಾಂ ಮೂಲಕ ವಾಪಸ್. ಉದ್ದ ಹೆಚ್ಚುಕಡಿಮೆ ಕಾಲುವೆಯಷ್ಟೇ. ಹೋಗುವ ದಿಕ್ಕಿಗೆ ಒಂದು ಬಣ್ಣದ ಫಲಕ, ಬರುವ ದಿಕ್ಕಿಗೆ ಇನ್ನೊಂದು. ಹಾಗಾಗಿ ಪ್ರತಿ ತಿರುವಿನಲ್ಲಿ ಫೋನ್ ತೆಗೆಯಬೇಕಿಲ್ಲ. ಬಹುಪಾಲು ಕಾರು ಕಡಿಮೆ ಇರುವ ಸಣ್ಣ ಹಳ್ಳಿ ರಸ್ತೆಗಳು, ಎಲ್ಲ ಡಾಂಬರು. ಕಾಲುವೆ ದಾರಿಯ ಬೇರುಗಳಿಂದ ಪೆಟ್ಟು ತಿಂದು ಬಂದ ಬೆನ್ನಿಗೆ ಇದೇ ದೊಡ್ಡ ವರ.

ಏರು ಇದೆಯಾ? ಇದೆ. ದಿನಾ ಇದೆ. ಪೋಂ ಜ್ಯುಲಿಯಾಂ ಅನ್ನುವ ಮೂರು ಕಮಾನಿನ ರೋಮನ್ ಸೇತುವೆ ಇದೆ, ಕ್ರಿಸ್ತಪೂರ್ವ 3ರದ್ದು. 2005ರವರೆಗೂ ಅದರ ಮೇಲೆ ಕಾರು ಓಡುತ್ತಿದ್ದವು, ಈಗ ನಡೆಯುವವರಿಗೆ ಮತ್ತು ಸೈಕಲ್‌ಗೆ ಮಾತ್ರ. ಅಲ್ಲಿ ಕಲ್ಲಿನ ಮೇಲೆ ಕೂತು ನೀರು ಕುಡಿದು ತಲೆ ಎತ್ತಿದರೆ ಬೊನ್ಯೂ ಊರು ಬೆಟ್ಟದ ಮೈಗೆ ಅಂಟಿಕೊಂಡಂತೆ ಕಾಣುತ್ತದೆ. ಅಲ್ಲಿಗೆ ಐದು ಕಿ.ಮೀ. ಆಸುಪಾಸಿನ ಏರು. ಮೊದಲು ದ್ರಾಕ್ಷಿ ತೋಟ, ಆಮೇಲೆ ಚೆರಿ ಮರಗಳು, ಕೊನೆಗೆ ಊರಿನ ಕಲ್ಲು ಗೋಡೆಗಳ ನಡುವೆ ಕಡಿದಾದ ತಿರುವುಗಳು. ಬೆಂಗಳೂರಿನಿಂದ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ತುಳಿದು ಅಭ್ಯಾಸ ಇರುವವರಿಗೆ ಇದು ಅದಕ್ಕಿಂತ ಚಿಕ್ಕದು, ಸಲೀಸು. ಲಗೇಜ್ ಇದ್ದರೆ ಕೊನೆಯ ಗೇರ್ ಹಾಕಿ ನಿಧಾನಕ್ಕೆ ಹತ್ತಿದರಾಯಿತು. ಮೇಲೆ ಹೋದರೆ ಕಣಿವೆಯಾಚೆ ಲಕೋಸ್ತ್ ಊರು ಎದುರಾಎದುರು ನಿಂತಿರುತ್ತದೆ, ದೂರದಲ್ಲಿ ವೆಂಟೂ ಪರ್ವತದ ಬೋಳು ಬಿಳಿ ತಲೆ. ಆಮೇಲೆ ಇಳಿಜಾರು. ತುಳಿಯದೆ, ಸೀಟಿನಿಂದ ಸ್ವಲ್ಪ ಎದ್ದು, ಕೈ ಬ್ರೇಕಿನ ಮೇಲಿಟ್ಟು ಇಳಿಯುವಾಗ ಮೈಯೆಲ್ಲ ಹಗುರಾಗುತ್ತದೆ. ದೇಹ ಸುಧಾರಿಸಿಕೊಳ್ಳುವುದು ಆಗಲೇ. ಕಾಲುವೆಯಲ್ಲಿ ಈ ಬಿಡುವು ಸಿಗುವುದೇ ಇಲ್ಲ.

ಮಂಡಿ ನೋವಿರುವವರಿಗೆ ಅಲ್ಲಿ ಬ್ಯಾಟರಿ ಸೈಕಲ್ ಬಾಡಿಗೆಗೆ ಧಾರಾಳವಾಗಿ ಸಿಗುತ್ತವೆ. ನನ್ನ ಹೆಂಡತಿ ತೆಗೆದುಕೊಂಡಿದ್ದು ಅದನ್ನೇ. ಪ್ರತಿ ಊರಿನಲ್ಲೂ ನನಗಿಂತ ಮುಂಚೆ ತಲುಪಿ ಕಾಫಿ ಹೇಳಿರುತ್ತಿದ್ದಳು.

ಗಾಳಿ ಇಲ್ಲೂ ಇದೆ, ಅದರ ಹೆಸರು ಮಿಸ್ತ್ರಾಲ್. ರೋನ್ ನದಿ ಕಣಿವೆಯ ಉತ್ತರದಿಂದ ನುಗ್ಗಿ ಬರುತ್ತದೆ, ಆಕಾಶ ತೊಳೆದಂತೆ ನೀಲಿ ಇರುವಾಗಲೇ ಬೀಸುತ್ತದೆ. ಕವಾಯೋಂನಿಂದ ಪೂರ್ವಕ್ಕೆ ಹೊರಟರೆ ಬೆನ್ನಿಗೆ ಸಹಾಯ, ದಕ್ಷಿಣ ಮಗ್ಗುಲಲ್ಲಿ ಮರಳುವಾಗ ಎದುರು. ಆದರೆ ಇಲ್ಲಿ ಬೆಟ್ಟವೂ ಊರಿನ ಗೋಡೆಯೂ ಆಗಾಗ ಅಡ್ಡ ಬಂದು ಕಾಪಾಡುತ್ತವೆ. ಕಾರಿನ ವಿಷಯದಲ್ಲಿ ಮಾತ್ರ ಕಾಲುವೆಯೇ ಗೆಲ್ಲುತ್ತದೆ, ಅನುಮಾನವಿಲ್ಲ. ಊರ ಹೊರಗೆ ಕಾರಿನವರು ಸೈಕಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಫ್ರಾನ್ಸ್‌ನಲ್ಲಿ ಕಾನೂನಿದೆ, ಬಹಳಷ್ಟು ಜನ ಪಾಲಿಸುತ್ತಾರೆ. ಆದರೂ ಕವಾಯೋಂ–ಆಪ್ತ್ ನಡುವಿನ ಡಿ900 ಹೆದ್ದಾರಿಗೆ ಹೋಗಬೇಡಿ. ಅದರ ಪಕ್ಕದ ಕಣಿವೆಯಲ್ಲೇ ಹಳೆಯ ರೈಲು ಹಳಿ ತೆಗೆದು ಮಾಡಿದ ಕಲಾವೋಂ ಸೈಕಲ್ ದಾರಿ 35 ಕಿ.ಮೀ.ಗೂ ಜಾಸ್ತಿ ಇದೆ. ಏರು ಗೊತ್ತೇ ಆಗುವುದಿಲ್ಲ.

ಊಟಕ್ಕೆ ಬಂದರೆ, ಸಸ್ಯಾಹಾರಿಗಳಾದ ನಮಗೆ ವ್ಯತ್ಯಾಸ ದೊಡ್ಡದು. ಕಾಲುವೆಯ ಮೇಲಿನ ಕಾಸ್ತೆಲ್‌ನೊದಾರಿ ಊರು ಕಸುಲೆಗೆ ಪ್ರಸಿದ್ಧ. ಬಿಳಿ ಬೀನ್ಸ್ ಕಾಳಿನ ಅಡುಗೆಯೇ, ಆದರೆ ಒಳಗೆ ಬಾತುಕೋಳಿ, ಹಂದಿ ಸಾಸೇಜ್. ಅಲ್ಲಿ ನಮಗೆ ಗತಿ ಬ್ರೆಡ್ಡು, ಚೀಸು, ಟೊಮೇಟೊ. ಲುಬೆರೋಂನಲ್ಲಿ ತರಕಾರಿಯೇ ಮುಖ್ಯ: ಬದನೆ, ಟೊಮೇಟೊ ಮುಂತಾದವನ್ನು ಬೇಯಿಸಿ ಮಾಡುವ ರಾತತೂಯ್, ಕಾಳು ತರಕಾರಿ ಹಾಕಿ ಮೇಲೆ ತುಳಸಿ ಜಾತಿಯ ಸೊಪ್ಪು ಅರೆದು ಬೆರೆಸುವ ಪಿಸ್ತೂ ಸೂಪ್. ಮೇ ಕೊನೆಯಿಂದ ಚೆರಿ, ಬೇಸಿಗೆ ಪೂರ್ತಿ ಕಲ್ಲಂಗಡಿಗಿಂತ ಸಿಹಿಯಾದ ಕವಾಯೋಂನ ಕರಬೂಜ. ತಪನಾದ್ ಅನ್ನುವ ಆಲಿವ್ ಚಟ್ನಿಯಲ್ಲಿ ಮಾತ್ರ ಸಾಮಾನ್ಯವಾಗಿ ಮೀನು ಇರುತ್ತದೆ, ಕೇಳಿ ತಿನ್ನಿ. ನೀರಿಗೆ ಎರಡೂ ಕಡೆ ಒಂದೇ ಉಪಾಯ: ಊರಿನ ಸ್ಮಶಾನಕ್ಕೆ ಹೋಗಿ. ಗೇಟಿನ ಹತ್ತಿರ ಹೂವಿಗೆ ನೀರು ಹಾಕುವ ಕ್ಯಾನ್‌ಗಳು ತೂಗುಹಾಕಿರುತ್ತವೆ, ಪಕ್ಕದಲ್ಲೇ ನಲ್ಲಿ. ಸೈಕಲ್ ತುಳಿಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುವುದು, ಯಾರೂ ಏನೂ ಅನ್ನುವುದಿಲ್ಲ. ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಚಿಕ್ಕ ಮಕ್ಕಳಿದ್ದರೆ ಕಾಲುವೆಯ ಮೊದಲ ಡಾಂಬರು ಭಾಗ ಒಳ್ಳೆಯದು. ಅದಕ್ಕಿಂತಲೂ ನನಗೆ ಇಷ್ಟ ಹೆಚ್ಚು ಜನ ಹೋಗದ ಇನ್ನೊಂದು ದಾರಿ. ಮೊಂತಾನ್ಯ ನ್ವಾರ್ ಬೆಟ್ಟದ ನೀರನ್ನು ಕಾಲುವೆಗೆ ತರಲು ರಿಕೆ ತೋಡಿಸಿದ ಸಣ್ಣ ತೋಡಿನ ದಾರಿ ಅದು. ಸಾಂ ಫೆರೆಯೋಲ್ ಕೆರೆಯ ಕಡೆಯಿಂದ ಹೊಲಗಳ ನಡುವೆ, ಮರಗಳ ಕೆಳಗೆ ಸುತ್ತಿ ಸುತ್ತಿ ನೊರೂಜ್‌ಗೆ ಬರುತ್ತದೆ. ಸಮುದ್ರಮಟ್ಟದಿಂದ 189 ಮೀಟರ್ ಎತ್ತರದ ನೊರೂಜ್ ಕಾಲುವೆಯ ಅತಿ ಎತ್ತರದ ಜಾಗ. ಬೆಟ್ಟದಿಂದ ಬಂದ ನೀರು ಇಲ್ಲಿ ಇಬ್ಭಾಗವಾಗಿ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಹೋಗುತ್ತದೆ. ಇಡೀ ಕಾಲುವೆಯ ಬುದ್ಧಿವಂತಿಕೆ ಅರ್ಥವಾಗುವುದು ಇಲ್ಲಿಯೇ. ಮಕ್ಕಳಿಗೆ ತೋರಿಸಲೇಬೇಕು. ಮತ್ತೆ ಬೆಜಿಯೆ ಹತ್ತಿರದ ತುಂಡನ್ನೂ ಬಿಡಬೇಡಿ. ಬೆಟ್ಟ ಕೊರೆದು 1679ರಲ್ಲಿ ಮಾಡಿದ ಮಾಲ್ಪಾ ಸುರಂಗ, ಮೇಲೆ ಹತ್ತಿದರೆ ನೀರು ಬಸಿದು ಹೊಲ ಮಾಡಿದ ಮೊಂತಾದಿ ಕೆರೆಯಲ್ಲಿ ಸೂರ್ಯನ ಕಿರಣಗಳ ಹಾಗೆ ಗೆರೆ ಎಳೆದ ದುಂಡನೆಯ ಹೊಲಗಳು, ಮುಂದೆ ಫೋನ್ಸೆರಾನ್‌ನ ಮೆಟ್ಟಿಲು ಮೆಟ್ಟಿಲಾದ ಲಾಕ್‌ಗಳು. ಇದಕ್ಕೆ ಒಂದು ದಿನ ಸಾಕು.

ಎರಡೂ ಕಡೆ ಮೇ, ಜೂನ್ ಮೊದಲರ್ಧ, ಸೆಪ್ಟೆಂಬರ್ ಒಳ್ಳೆಯ ಕಾಲ. ಲ್ಯಾವೆಂಡರ್ ಹೂವು ನೋಡಲೇಬೇಕಿದ್ದರೆ ಜೂನ್ ಕೊನೆಯಿಂದ ಜುಲೈ ಮಧ್ಯ. ಆಗ ಬೆಳಗ್ಗೆ ಆರಕ್ಕೇ ಹೊರಟು ಮಧ್ಯಾಹ್ನಕ್ಕೆ ತುಳಿಯುವುದನ್ನು ನಿಲ್ಲಿಸಿ. ಬೆಂಕಿಯ ಭಯ ಹೆಚ್ಚಿದ ದಿನ ಕಾಡಿನ ಒಳದಾರಿಗಳನ್ನು ಮುಚ್ಚುತ್ತಾರೆ. ಪ್ರಾದೇಶಿಕ ರೈಲು ಟಿಇಆರ್‌ನಲ್ಲಿ ಸೈಕಲ್ ಬಿಚ್ಚದೆ ಹಾಗೇ ಒಯ್ಯಬಹುದು. ಆವಿನ್ಯೋಂನಿಂದ ಕವಾಯೋಂಗೆ ಹೀಗೆ ಹೋಗಿ ಇಳಿದರೆ ಸೈಕಲ್ ದಾರಿ ಅಲ್ಲಿಂದಲೇ ಶುರು. ರಾತ್ರಿ ತಂಗಲು ‘ಅಕೈ ವೆಲೊ’ ಫಲಕ ಇರುವ ಮನೆ ಹುಡುಕಿ, ಸೈಕಲ್ ಇಡಲು ಬೀಗದ ಕೋಣೆ ಇರುತ್ತದೆ. ಹೊರಡುವುದು ಭಾನುವಾರವಾದರೆ ಮರುದಿನದ ಬ್ರೆಡ್ಡನ್ನೂ ಕೊಂಡುಕೊಳ್ಳಿ. ಸೋಮವಾರ ಎಷ್ಟೋ ಹಳ್ಳಿಗಳಲ್ಲಿ ಬೇಕರಿ ತೆರೆಯುವುದಿಲ್ಲ.