ಸ್ವೆಟರ್ ಹೆಣೆಯಲು ಯಾವ ಕಡ್ಡಿ? ಮೂರೂ ತರದ್ದು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿದಿರಿನ ತುದಿ ಇರುವ ಸರ್ಕ್ಯುಲರ್ ಕಡ್ಡಿಗೆ. ಎರಡು ಗಿಡ್ಡ ಕಡ್ಡಿಗಳ ನಡುವೆ ಬಳುಕುವ ವೈರ್ ಇರುತ್ತದಲ್ಲ, ಅದೇ. ಆದರೆ ಒಂದು ಭಾನುವಾರ ರಾತ್ರಿ ನನ್ನನ್ನು ಅಳಿಸಿದ್ದೂ ಅದೇ ಜಾತಿಯ ಕಡ್ಡಿ. ಈ ಚಳಿಗಾಲಕ್ಕೆ ಹೆಣಿಗೆ ಶುರು ಮಾಡುವವರಿಗೆ ನನಗಾದ ಹಾಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಆಲ್ದೂರಿನ ಹತ್ತಿರ. ಡಿಸೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು. ಅಪ್ಪ ಮಂಜು ಕರಗುವ ಮೊದಲೇ ಕಣಕ್ಕೆ ಹೋಗಿ ಕಾಫಿಗೆ ಹೊದಿಸಿದ ಟಾರ್ಪಾಲು ಸರಿಸುತ್ತಾರೆ. ಅದರ ಮೇಲೆ ನಿಂತ ಇಬ್ಬನಿ ಪೂರ್ತಿ ಅವರ ತೋಳಿನ ಮೇಲೆ ಸುರಿಯುತ್ತದೆ. ಅವರ ಹಳೇ ಸ್ವೆಟರ್ ಮೊಣಕೈಯಲ್ಲಿ ತೂತು ಬಿದ್ದು ಎರಡು ವರ್ಷ ಆಯ್ತು. ಹೊಸದನ್ನು ನಾನೇ ಹೆಣೆದು ಕೊಡಬೇಕು ಅಂತ ಆಸೆ. ವಾರದ ದಿನಗಳಲ್ಲಿ ನಾನು ಇರುವುದು ಚಿಕ್ಕಮಗಳೂರಿನಲ್ಲಿ, ಕೆಲಸ ಹಾಸನದಲ್ಲಿ. ಅಂದರೆ ದಿನಾ ಬೇಲೂರಿನ ಮೇಲೆ ಹೋಗಿಬರುವ ಬಸ್ಸಿನ ಹೊತ್ತೇ ನನಗೆ ಹೆಣಿಗೆಯ ಹೊತ್ತು. ಕೆಳಗೆ ನಾನು ಹೇಳುವುದನ್ನೆಲ್ಲ ಇದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಓದಿ.

ಶುರು ಮಾಡಿದ್ದು ದೊಡ್ಡಮ್ಮ ಕೊಟ್ಟ ಅಲ್ಯುಮಿನಿಯಂ ಕಡ್ಡಿಗಳಲ್ಲಿ. ಉದ್ದ 35 ಸೆಂಟಿಮೀಟರ್, ಹಿಂದೆ ಗುಂಡಿಯಂಥ ತಲೆ. ಗಟ್ಟಿ, ಎಷ್ಟು ವರ್ಷ ಆದರೂ ಏನೂ ಆಗಲ್ಲ. ಕುಣಿಕೆಗಳು ಸರಸರ ಜಾರುತ್ತವೆ, ಕೈ ಪಳಗಿದವರಿಗೆ ಇದಕ್ಕಿಂತ ವೇಗದ್ದು ಇಲ್ಲ. ನನ್ನಂಥ ಹೊಸಬರಿಗೆ ಮಾತ್ರ ಆ ಜಾರುವಿಕೆಯೇ ಕಷ್ಟ, ಬಸ್ಸು ಒಂದು ಹಂಪ್ ಹಾರಿದರೆ ತುದಿಯಿಂದ ನಾಲ್ಕು ಕುಣಿಕೆ ಆಚೆ. ಜೊತೆಗೆ ಚಳಿ. ಬೆಳಗ್ಗೆ ಆರೂವರೆಗೆ ಆ ಲೋಹವನ್ನು ಹಿಡಿದರೆ ಬೆರಳಿನ ತುದಿ ಜೋಮು ಹಿಡಿಯುತ್ತದೆ. ಪಕ್ಕದ ಸೀಟಿನವರ ಪಕ್ಕೆಗೆ ಎರಡು ಸಲ ಚುಚ್ಚಿದ ಮೇಲೆ ಬಸ್ಸಿಗೆ ತರುವುದನ್ನೇ ಬಿಟ್ಟೆ.

ಇಲ್ಲಿ ನಂಬರಿನ ವಿಷಯ ಹೇಳಲೇಬೇಕು. ದೊಡ್ಡಮ್ಮನ ಕಡ್ಡಿ ಮೇಲೆ 8 ಅಂತ ಕೆತ್ತಿದೆ. ನಾನು ನೋಡಿದ ಅಮೆರಿಕದ ವಿಡಿಯೋದಲ್ಲೂ 8 ನಂಬರ್ ತಗೊಳ್ಳಿ ಅಂದರು. ಸರಿಹೋಯ್ತು ಅಂತ ಒಂದು ಚೂರು ಹೆಣೆದು ನೋಡಿದರೆ ಗೋಣಿತಾಟಿನ ಹಾಗೆ ಬಿಗಿ, ಅಳತೆಯೂ ಚಿಕ್ಕದು. ನಮ್ಮಲ್ಲಿ ಹಳಬರು ಬಳಸುವುದು ಬ್ರಿಟಿಷ್ ನಂಬರ್, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಸರಿಯಾಗಿ ಉಲ್ಟಾ, ನಂಬರ್ ಏರಿದರೆ ಕಡ್ಡಿ ದಪ್ಪ. ನಮ್ಮ 8 ಅಂದರೆ 4 ಮಿಲಿಮೀಟರ್, ಅವರ 8 ಅಂದರೆ 5. ಇನ್ನು 10 ನಂಬರಿಗೆ ಬಂದರೆ ನಮ್ಮದು 3.25, ಅವರದು 6! ನಂಬರ್ ನಂಬಬೇಡಿ, ಮಿಲಿಮೀಟರ್ ನೋಡಿ ತಗೊಳ್ಳಿ.

ಎರಡನೇದು ಬಿದಿರಿನ ನೇರ ಕಡ್ಡಿ. ಕೈಗೆ ಬೆಚ್ಚಗೆ, ಹಗುರ, ಸದ್ದಿಲ್ಲ. ಕುಣಿಕೆ ಅಷ್ಟು ಸುಲಭಕ್ಕೆ ಜಾರಲ್ಲ. ತುದಿ ಒರಟಾದರೆ ನಯವಾದ ಸ್ಯಾಂಡ್ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದರೆ ಸಾಕು. ತುಂಬಾ ಇಷ್ಟವಾಯ್ತು. ಆದರೆ ಸ್ವೆಟರಿನ ಬೆನ್ನಿನ ಭಾಗ ಬೆಳೆದ ಹಾಗೆ ಪೂರ್ತಿ ಭಾರ ಒಂದೇ ಕಡ್ಡಿಗೆ ಜೋತುಬಿದ್ದು ಎಡ ಮಣಿಕಟ್ಟು ನೋಯಲು ಶುರುವಾಯ್ತು. ಉದ್ದ ಅಂತೂ ಅಷ್ಟೇ ಇದೆ, ಬಸ್ಸಿಗೆ ಇದೂ ಆಗಲ್ಲ. ಒಂದು ದಿನ ಸೋಫಾ ಮೇಲೆ ಇಟ್ಟಿದ್ದನ್ನು ನೋಡದೆ ಕೂತೆ, ಲಟಕ್ ಅಂತ ಮುರಿಯಿತು.

ಆಮೇಲೆ ಸರ್ಕ್ಯುಲರ್. ಆನ್‌ಲೈನಿನಲ್ಲಿ 18 ಸೈಜಿನ ಬಿದಿರಿನ ಸೆಟ್ ಆರುನೂರು ಚಿಲ್ಲರೆಗೆ ಸಿಕ್ಕಿತು. ಒಂದಕ್ಕೆ ಮೂವತ್ತೈದು ರೂಪಾಯಿಯೂ ಬೀಳಲಿಲ್ಲ ಅಂತ ಖುಷಿಪಟ್ಟೆ. ಅದರಲ್ಲಿ 4 ಮಿಲಿಮೀಟರಿನದು ತೆಗೆದು 224 ಕುಣಿಕೆ ಹಾಕಿ, ಕೆಳಗಿನಿಂದ ಮೇಲಕ್ಕೆ ಸುತ್ತು ಸುತ್ತಾಗಿ ಶುರು ಮಾಡಿದೆ.

ತೊಂದರೆ ಎಲ್ಲಾ ಇದ್ದದ್ದು ಜೋಡಣೆಯಲ್ಲಿ, ಅಂದರೆ ಬಿದಿರಿನ ತುಂಡು ಮುಗಿದು ಪ್ಲಾಸ್ಟಿಕ್ ವೈರ್ ಶುರುವಾಗುವ ಜಾಗದಲ್ಲಿ. ಆ ಸೆಟ್ಟಿನಲ್ಲಿ ಟೊಳ್ಳು ಪ್ಲಾಸ್ಟಿಕ್ ಕೊಳವೆಯನ್ನು ಕಡ್ಡಿಯ ಬಾಲಕ್ಕೆ ತುರುಕಿ ಅಂಟಿಸಿದ್ದರು, ಅಷ್ಟೇ. ಕೊಳವೆಯ ಬಾಯಿ ಒಂದು ಕೂದಲೆಳೆಯಷ್ಟು ಎದ್ದಿತ್ತು. ಕಣ್ಣಿಗೆ ಕಾಣಲ್ಲ, ಉಗುರಿಗೆ ಮಾತ್ರ ಸಿಗುತ್ತದೆ. ವೈರಿನಿಂದ ಕಡ್ಡಿಗೆ ಏರುವ ಪ್ರತಿ ಕುಣಿಕೆಯೂ ಅಲ್ಲಿ ತಡೆದು ನಿಲ್ಲುತ್ತಿತ್ತು. ಹೆಬ್ಬೆರಳಿನ ಉಗುರಿನಿಂದ ಒಂದೊಂದನ್ನೇ ಎತ್ತಿ ದಾಟಿಸಬೇಕು. ಸುತ್ತಿಗೆ 224 ಸಲ. ನನ್ನ ನೂಲು ನಾಲ್ಕು ಎಳೆಯದು. ಅವಸರಕ್ಕೆ ಎಳೆದರೆ ಮೂರು ಎಳೆ ದಾಟಿ, ನಾಲ್ಕನೆಯದು ಆ ಬಾಯಿಗೆ ಸಿಕ್ಕಿ ಜೂಲು ಏಳುತ್ತಿತ್ತು. ಚಿಕ್ಕಮಗಳೂರಿನಿಂದ ಬೇಲೂರಿಗೆ ಬರುವಷ್ಟರಲ್ಲಿ ಒಂದೂವರೆ ಸುತ್ತು ಮುಗಿದರೆ ಹೆಚ್ಚು.

ಅಂಟು ಹಾಕಿ ಸರಿಮಾಡೋಣ ಅಂತ ಹೋದೆ. ಒಣಗಿದ ಅಂಟಿನ ಹನಿಯೇ ಇನ್ನೊಂದು ಮುಳ್ಳಾಯ್ತು. ಅದನ್ನು ಉಜ್ಜಿ ತೆಗೆದೆ, ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಭಾನುವಾರ, ಊರಿನ ಮನೆಯಲ್ಲಿ ಊಟ ಮುಗಿಸಿ ಒಲೆ ಹತ್ತಿರ ಕೂತು ಹೆಣೆಯುತ್ತಿದ್ದೆ. ವೈರ್ ಸುಮ್ನೆ ಕಳಚಿಕೊಂಡು ಕೈಗೆ ಬಂತು. ಜೋಡಣೆ ಹತ್ತಿರ ಇದ್ದ ಕುಣಿಕೆಗಳು ಬರಿಗಾಳಿಯಲ್ಲಿ ನಿಂತವು. ಒಂದು ಕ್ಷಣ ಏನೂ ಆಗಲಿಲ್ಲ. ಗಾಬರಿಯಲ್ಲಿ ಮಡಿಲು ಸರಿಸಿದೆ ನೋಡಿ, ಸುಮಾರು ಮೂವತ್ತು ಕುಣಿಕೆ ಏಣಿಯ ಮೆಟ್ಟಿಲಿನ ಹಾಗೆ ಬಿಚ್ಚುತ್ತಾ ಕೆಳಗಿನ ಪಟ್ಟಿಯವರೆಗೂ ಓಡಿದವು. ಕ್ರೋಶಾ ಕಡ್ಡಿಯಲ್ಲಿ ಹಿಡಿಯಲು ರಾತ್ರಿ ಹನ್ನೊಂದರವರೆಗೆ ಒದ್ದಾಡಿದೆ, ಆಗಲಿಲ್ಲ. ಮೂರು ವಾರದ ಕೆಲಸವನ್ನು ಬಿಚ್ಚಿ ಉಂಡೆ ಸುತ್ತಿದೆ. ಅಪ್ಪ ಏನೂ ಮಾತಾಡದೆ ಇನ್ನೊಂದು ತುದಿ ಹಿಡಿದುಕೊಂಡು ಕೂತಿದ್ದರು. ಮಾರಿದವರಿಗೆ ಬರೆದರೆ ವಾಪಸ್ ಕೊಡುವ ದಿನ ಮುಗಿದಿದೆ ಅಂದರು.

ಅಲ್ಲಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆ ಮೂರು ವಾರದಲ್ಲಿ ಒಂದು ಗೊತ್ತಾಗಿತ್ತು, ಮಣಿಕಟ್ಟು ನೋಯಲಿಲ್ಲ. ಸ್ವೆಟರಿನ ಭಾರ ಪೂರ್ತಿ ವೈರ್ ಮೇಲೆ, ಅಂದರೆ ಮಡಿಲಲ್ಲೇ ಇರುತ್ತದೆ, ಚಳಿಗೆ ಅದೇ ಒಂದು ಶಾಲು. ಕಡ್ಡಿ ಗಿಡ್ಡ, ಪಕ್ಕದವರಿಗೆ ತಾಗಲ್ಲ. ನಿಲ್ಲಿಸಬೇಕಾದರೆ ಎಲ್ಲವನ್ನೂ ವೈರಿಗೆ ತಳ್ಳಿ ಚೀಲಕ್ಕೆ ಹಾಕಿದರೆ ಆಯ್ತು. ಸುತ್ತಾಗಿ ಹೆಣೆದರೆ ಪಕ್ಕದಲ್ಲಿ ಹೊಲಿಯುವ ಕೆಲಸವೂ ಇಲ್ಲ.

ಅದಕ್ಕೇ ಈ ಸಲ ಸೆಟ್ ಬೇಡ ಅಂತ ಅಂಗಡಿಗೇ ಹೋಗಿ ಒಂದೇ ಒಂದು ಒಳ್ಳೆಯದನ್ನು ತಂದೆ. 4 ಮಿಲಿಮೀಟರ್, 80 ಸೆಂಟಿಮೀಟರ್ ಉದ್ದ, 380 ರೂಪಾಯಿ. ತರುವ ಮೊದಲು ಕಣ್ಣು ಮುಚ್ಚಿ ಉಗುರನ್ನು ವೈರಿನಿಂದ ಕಡ್ಡಿಯವರೆಗೆ ಎಳೆದು ನೋಡಿದೆ. ಆಮೇಲೆ ನನ್ನ ಶಿಫಾನ್ ದುಪಟ್ಟಾದ ಅಂಚನ್ನು ಅದೇ ಜಾಗದಲ್ಲಿ ಜಾರಿಸಿದೆ. ಎಲ್ಲೂ ಸಿಗಲಿಲ್ಲ. ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ, ಈ ಎರಡು ಪರೀಕ್ಷೆ ಮಾಡದೆ ತರಬೇಡಿ. ಈಗ ಬೇಲೂರಿನ ಹೊತ್ತಿಗೆ ನಾಲ್ಕು ಸುತ್ತು ಆರಾಮಾಗಿ ಆಗುತ್ತದೆ.

ಹೊಸ ವೈರ್ ಸುರುಳಿ ಸುತ್ತಿಕೊಂಡೇ ಬರುತ್ತದೆ. ಅದನ್ನು ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ನೇರ ಮಾಡಿ ಒಣಗಿಸಿ, ಆದರೆ ಬಿದಿರಿಗೆ ನೀರು ತಾಗಿಸಬೇಡಿ. ಮತ್ತೆ ಪ್ರತಿ ಹತ್ತು ಸುತ್ತಿಗೆ ಒಂದು ಸಲ ಬೇರೆ ಬಣ್ಣದ ಹತ್ತಿ ದಾರವನ್ನು ಎಲ್ಲಾ ಕುಣಿಕೆಗಳ ಒಳಗಿಂದ ಪೋಣಿಸಿಡಿ. ಏನೇ ಕಳಚಿದರೂ ಅಲ್ಲಿಗೇ ನಿಲ್ಲುತ್ತದೆ. ಇದು ನನಗೆ ಆ ಭಾನುವಾರ ಗೊತ್ತಿದ್ದಿದ್ದರೆ ಮೂರು ವಾರ ಉಳಿಯುತ್ತಿತ್ತು.

ತುದಿ ಬದಲಾಯಿಸುವ ದುಬಾರಿ ಸೆಟ್‌ಗಳೂ ಇವೆ, ವರ್ಷಕ್ಕೆ ಒಂದು ಸ್ವೆಟರ್ ಹೆಣೆಯುವ ನನಗೆ ಅದು ಜಾಸ್ತಿ ಆಯ್ತು. ಮನೆಯಲ್ಲೇ ಕೂತು ಮಫ್ಲರ್ ಮಾತ್ರ ಹೆಣೆಯುವವರು ಏನೂ ಕೊಳ್ಳಬೇಡಿ, ಅತ್ತೆಯದೋ ದೊಡ್ಡಮ್ಮನದೋ ಹಳೇ ಅಲ್ಯುಮಿನಿಯಂ ಕಡ್ಡಿ ಬೀರುವಿನಲ್ಲಿ ಇದ್ದೇ ಇರುತ್ತದೆ, ಅಲ್ವಾ? ಕೈಯಲ್ಲಿ ನಾನೂರು ರೂಪಾಯಿ ಇದ್ದು, ಸ್ವೆಟರೇ ಬೇಕು, ಓಡಾಟದಲ್ಲೇ ಹೆಣೆಯಬೇಕು ಅನ್ನುವವರು 80 ಸೆಂಟಿಮೀಟರಿನ ಒಂದೇ ಒಂದು ಸರ್ಕ್ಯುಲರ್ ತಗೊಳ್ಳಿ. ವೈರನ್ನು ನಡುವೆ ಕುಣಿಕೆ ಮಾಡಿ ಹೊರಗೆಳೆದುಕೊಂಡರೆ ಅದರಲ್ಲೇ ತೋಳೂ ಆಗುತ್ತದೆ, ಬೇರೆ ಗಿಡ್ಡ ಕಡ್ಡಿ ಬೇಕಿಲ್ಲ. ಅಪ್ಪನ ಸ್ವೆಟರಿನ ಬಲತೋಳು ಹಾಗೇ ಮುಗಿಯಿತು. ಎಡಗೈಯದು ಮೊಣಕೈವರೆಗೆ ಬಂದಿದೆ, ರೊಬಸ್ಟಾ ಕೊಯ್ಲು ಶುರುವಾಗುವಷ್ಟರಲ್ಲಿ ಕೊಡುತ್ತೇನೆ.